ಮೇಣದಬತ್ತಿಯ ಬೆಳಕಿನ ಬಾಲ್ಯ

ಚಳಿಗಾಲದ ಮುಂಜಾನೆ, ಕತ್ತಲೆ ಹರಿಯುವ ಮೊದಲೇ, ಬ್ಯಾಟರಿಯಿಂದ ನಡೆಯುವ ಹಾಲಿನ ಗಾಡಿಯೊಂದು ಗುಂಯ್‌ಗುಡುತ್ತ ಬಂದು ಬೀದಿಯಲ್ಲಿ ನಿಲ್ಲುವುದು. ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿಸುವುವು. ಬಾಗಿಲ ಮೆಟ್ಟಿಲ ಮೇಲಿಟ್ಟ ಹಾಲು ಆ ಚಳಿಗೆ ಮಂಜುಗಡ್ಡೆಯಾಗಿ ಉಬ್ಬಿ, ಬೆಳ್ಳಿಬಣ್ಣದ ತೆಳುತಗಡಿನ ಮುಚ್ಚಳವನ್ನು ಟೊಪ್ಪಿಗೆಯಂತೆ ಮೇಲೆತ್ತುವುದು. ಮನೆಯವರು ಬಾಗಿಲು ತೆರೆಯುವಷ್ಟರಲ್ಲಿ ನೀಲಿ ನೆತ್ತಿಯ ಪುಟ್ಟ ಹಕ್ಕಿಯೊಂದು ಮುಚ್ಚಳವನ್ನು ಕುಕ್ಕಿ ಕೆನೆಯನ್ನು ಸವಿದು ಹೋಗಿರುವುದು. 1970ರ ದಶಕದ ಬ್ರಿಟನ್ನಿನಲ್ಲಿ ಬಾಲ್ಯವನ್ನು ಕಳೆದು ಇಂದು ಅರುವತ್ತರ ಆಸುಪಾಸಿನಲ್ಲಿರುವವರನ್ನು ಮಾತಿಗೆಳೆದರೆ, ಮೊದಲು ಹೊರಬರುವುದು ಇಂತಹ ಸಣ್ಣ ಸಂಗತಿಗಳೇ.

ಇತಿಹಾಸಕಾರರು ಆ ದಶಕವನ್ನು ವರ್ಣಿಸುವ ಬಗೆಯೇ ಬೇರೆ. ಮುಷ್ಕರಗಳು, ಇಂಧನದ ಅಭಾವ, 1975ರ ಒಂದೇ ವರ್ಷದಲ್ಲಿ ನೂರಕ್ಕೆ 24ರಷ್ಟು ಏರಿದ ಬೆಲೆಗಳು ಅವರ ಪುಟಗಳನ್ನು ತುಂಬಿವೆ. ಹಿರಿಯರಿಗೆ ಸಂಕಟವಾಗಿದ್ದ ಕಾಲವೇ ಮಕ್ಕಳಿಗೆ ಸಂಭ್ರಮವಾಗಿ ಪರಿಣಮಿಸಿದುದು ಹೇಗೆಂಬುದು ವಿಚಾರಾರ್ಹವಾದುದು.

ದಶಕದ ಆರಂಭದಲ್ಲಿಯೇ ಹಣದ ಲೆಕ್ಕ ಬದಲಾಯಿತು. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್ ಎಂಬ ಶತಮಾನಗಳ ಗಣನೆಯನ್ನು 1971ರ ಫೆಬ್ರವರಿ 15ರಂದು ತೊರೆದು, ಪೌಂಡಿಗೆ ನೂರು ಹೊಸ ಪೆನ್ನಿಗಳೆಂದು ಸರ್ಕಾರವು ವಿಧಿಸಿತು. 1957ರಲ್ಲಿ ನಯಾ ಪೈಸೆ ಬಂದ ಮೇಲೂ ಆಣೆಯಲ್ಲಿಯೇ ಲೆಕ್ಕ ಹಾಕುತ್ತಿದ್ದ ನಮ್ಮ ಹಿರಿಯರನ್ನು ಬಲ್ಲವರಿಗೆ, ಅಲ್ಲಿನ ಅಜ್ಜಿಯರ ತಬ್ಬಿಬ್ಬನ್ನು ವಿವರಿಸಬೇಕಾಗಿಲ್ಲ. ಶಾಲೆಯಲ್ಲಿ ಹೊಸ ಲೆಕ್ಕ ಕಲಿತ ಮೊಮ್ಮಕ್ಕಳು ಅಂಗಡಿಯಲ್ಲಿ ಅಜ್ಜಿಯ ಚಿಲ್ಲರೆಯನ್ನು ಎಣಿಸಿ ಕೊಡುವರು. ಅದಕ್ಕೆ ಪ್ರತಿಫಲವಾಗಿ, ಸಾಲಾಗಿ ನಿಂತ ಗಾಜಿನ ಭರಣಿಗಳಲ್ಲೊಂದರಿಂದ ಕಾಲು ಪೌಂಡು ಮಿಠಾಯಿ ತಕ್ಕಡಿಗೆ ಸುರಿದು ಕಾಗದದ ಪೊಟ್ಟಣಕ್ಕೆ ಇಳಿಯುವುದು.

1972ರ ಜನವರಿಯಲ್ಲಿ ಕಲ್ಲಿದ್ದಲ ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದರು. ದೇಶದ ವಿದ್ಯುತ್ತಿನ ಬಹುಭಾಗ ಕಲ್ಲಿದ್ದಲಿನಿಂದಲೇ ಹುಟ್ಟುತ್ತಿದ್ದುದರಿಂದ, ಫೆಬ್ರವರಿಯಲ್ಲಿ ಬಡಾವಣೆಗಳ ದೀಪಗಳು ಸರದಿಯ ಮೇಲೆ ಆರತೊಡಗಿದವು. ಮತ್ತೆ 1974ರ ಜನವರಿ 1ರಿಂದ ಮಾರ್ಚ್ 7ರವರೆಗೆ ಪ್ರಧಾನಿ ಎಡ್ವರ್ಡ್ ಹೀತ್ ಅವರ ಸರ್ಕಾರವು ವಿಧಿಸಿದ ಕಟ್ಟಳೆಯಂತೆ ಬಹುತೇಕ ಉದ್ಯಮಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ತು ದೊರೆಯಿತು. ಅನೇಕ ತಂದೆಯರ ಪಾಲಿಗೆ ಅದು ಕೂಲಿಯ ಖೋತಾ. ಆದರೆ ಎಲ್ಲ ಕೋಣೆಗಳನ್ನೂ ಬೆಚ್ಚಗಿಡುವ ಅನುಕೂಲವು ದಶಕದ ಮೊದಲಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಇರಲಿಲ್ಲವಾಗಿ, ಮಲಗುವ ಕೋಣೆಯ ಕಿಟಕಿಯ ಒಳಮೈಯಲ್ಲಿಯೇ ಹಿಮದ ಹೂ ಅರಳುತ್ತಿದ್ದ ಆ ರಾತ್ರಿಗಳಲ್ಲಿ, ಮನೆಮಂದಿಯೆಲ್ಲ ಒಂದೇ ಬೆಂಕಿಯ ಮುಂದೆ ಒತ್ತೊತ್ತಾಗಿ ಕೂಡುತ್ತಿದ್ದರು. ತಟ್ಟೆಯ ಮೇಲೊಂದು ಮೇಣದಬತ್ತಿ ಉರಿಯುತ್ತಿರಲು, ತಂದೆಯ ಬೆರಳುಗಳು ಗೋಡೆಯ ಮೇಲೆ ನೆರಳಿನ ಮೊಲವನ್ನು ಕುಣಿಸುತ್ತಿದ್ದವು.

ಟೆಲಿವಿಷನ್ನಿನಲ್ಲಿ ಇದ್ದುದು ಮೂರೇ ವಾಹಿನಿ. ಶನಿವಾರ ಸಂಜೆ ‘ಡಾಕ್ಟರ್ ಹೂ’ ಧಾರಾವಾಹಿ ನೋಡಿ ಹೆದರಿ ಸೋಫಾದ ಹಿಂದೆ ಅವಿತವರು, ಸೋಮವಾರ ಶಾಲೆಯ ಅಂಗಳದಲ್ಲಿ ಅದನ್ನೇ ಆಡುವರು. ಎಲ್ಲರೂ ಅದನ್ನೇ ನೋಡಿರುತ್ತಿದ್ದುದರಿಂದ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯ ಹೊರಗೂ ಅನುಭವ ಹೀಗೆಯೇ ಹಂಚಿಕೊಂಡದ್ದಾಗಿತ್ತು: 1976ರ ಬೇಸಿಗೆಯಲ್ಲಿ, ಜೂನ್ 23ರಿಂದ ಹದಿನೈದು ದಿನ ಎಡೆಬಿಡದೆ ಇಂಗ್ಲೆಂಡಿನ ಯಾವುದಾದರೊಂದು ಕಡೆ 32 ಡಿಗ್ರಿಗೂ ಮೀರಿ ಬಿಸಿಲು ಕಾಯಿತು, ಬತ್ತಿದ ಜಲಾಶಯಗಳ ತಳ ಬಿರುಕುಬಿಟ್ಟಿತು, ಕೆಲವೆಡೆ ಜನ ಬಕೆಟ್ಟು ಹಿಡಿದು ಬೀದಿಯ ನಲ್ಲಿಯ ಮುಂದೆ ಸಾಲುಗಟ್ಟಿದರು. ಮರುವರ್ಷ ಜೂನ್ 7ರಂದು, ರಾಣಿ ಎಲಿಜಬೆತ್‌ರ ಪಟ್ಟದ ರಜತೋತ್ಸವಕ್ಕಾಗಿ, ಅಂತಹ ಬೀದಿಗಳಲ್ಲಿಯೇ ಮೇಜುಗಳನ್ನು ಉದ್ದಕ್ಕೂ ಜೋಡಿಸಿ ನೆರೆಹೊರೆಯವರೆಲ್ಲ ಪಂಕ್ತಿಯಾಗಿ ಕುಳಿತು ಉಂಡರು.

ಆ ಪಂಕ್ತಿಯಲ್ಲಿ ಎಲ್ಲರಿಗೂ ಸಮಾನವಾದ ಆದರ ದೊರೆಯುತ್ತಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನನು ತೊಂಬತ್ತು ದಿನಗಳ ಗಡುವಿತ್ತು ಹೊರದೂಡಿದ ಉಗಾಂಡದ ಏಷ್ಯನ್ನರಲ್ಲಿ ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದರು. ಅಂತಹ ಮನೆಗಳ ಅನೇಕ ಮಕ್ಕಳು ಬೀದಿಯ ಬೈಗುಳವನ್ನೂ ನುಂಗಿಕೊಂಡು ಬೆಳೆದರು. ಅವರ ತಲೆಮಾರಿನ ಭಾರತೀಯ ಹುಡುಗರಿಗೆ ಹೆಮ್ಮೆಪಡಲು ನಮ್ಮವರೊಬ್ಬರು ಕಾರಣರಾದರೆಂಬುದು ಸಂತೋಷದ ಸಂಗತಿ: 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಮೈಸೂರಿನ ಬಿ. ಎಸ್. ಚಂದ್ರಶೇಖರ್ 38 ರನ್ನುಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ವಿಜಯಕ್ಕೆ ದಾರಿಮಾಡಿದರು.

ಹಾಗಾದರೆ ಆ ಬಾಲ್ಯಕ್ಕಾಗಿನ ಈ ಹಂಬಲವೆಲ್ಲ ಬರಿಯ ಭ್ರಮೆಯೆ? ನನಗೆ ಹಾಗೆ ತೋರುವುದಿಲ್ಲ. ಆ ದಿನಗಳ ಕೊರತೆಯಲ್ಲಿ ಸ್ವತಃ ಯಾವ ಮಾಧುರ್ಯವೂ ಇರಲಿಲ್ಲ. ಆ ಕೊರತೆಯನ್ನು ಮಕ್ಕಳ ಕಣ್ಣಿಗೆ ಬೀಳಗೊಡದೆ ಹೊತ್ತು ನಡೆದವರ ಸಹನೆಯಲ್ಲಿ ಮಾಧುರ್ಯವು ಇದ್ದಿತು. ಗೋಡೆಯ ಮೇಲೆ ಮೊಲವನ್ನು ಕುಣಿಸಿದ ಆ ಕೈ ಆ ವಾರ ಎಂದಿನ ಕೂಲಿಯನ್ನು ತಂದಿರಲಿಲ್ಲವೆಂಬುದು ಮಗುವಿಗೆ ತಿಳಿದುದು, ತಾನೂ ಒಂದು ಮನೆಯ ದೀಪದ ಹೊಣೆ ಹೊತ್ತ ಮೇಲೆಯೇ.