ಜರ್ಮನ್ ಕಲಿಸುವ ವಿದುಷಿಯರ ಸಂಘಶಕ್ತಿ

ಅಮೆರಿಕದ ವಿಶ್ವವಿದ್ಯಾನಿಲಯಗಳ ಜರ್ಮನ್ ವಿಭಾಗಗಳಲ್ಲಿ 1970ರ ದಶಕದವರೆಗೂ ಪ್ರಾಧ್ಯಾಪಕ ಪೀಠಗಳು ಬಹುಮಟ್ಟಿಗೆ ಪುರುಷರ ಸೊತ್ತಾಗಿದ್ದವು. ಪಾಠಪಟ್ಟಿಯಲ್ಲಿ ಗಯಟೆ-ಶಿಲ್ಲರರಿಗೆ ಅಗ್ರಸ್ಥಾನ. ಲೇಖಕಿಯರ ಹೆಸರು ವಿರಳ. ನೌಕರಿ ಕಾಯಂ ಆಗಬೇಕಾದರೆ ಸಂಶೋಧನ ಲೇಖನಗಳ ಪ್ರಕಟಣೆ ಅವಶ್ಯ. ಲೇಖಕಿಯರನ್ನು ಕುರಿತು ಬರೆದ ಅಧ್ಯಾಪಿಕೆಗಾದರೋ ಆಶ್ರಯವೀಯುವ ಪತ್ರಿಕೆಯೇ ದುರ್ಲಭ.

ಅಲ್ಲಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಈ ವಿದುಷಿಯರು ಆ ದಶಕದಲ್ಲಿಯೇ ‘ವಿಮೆನ್ ಇನ್ ಜರ್ಮನ್’ ಎಂಬ ಒಕ್ಕೂಟವನ್ನು ಕಟ್ಟಿದರು. ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿನಿಯರೂ ಹಿರಿಯ ಪ್ರಾಧ್ಯಾಪಿಕೆಯರೂ ಕೂಡಿ ಚರ್ಚಿಸುವ ಪರಿಪಾಠ ಬೆಳೆಯಿತು. 1985ರಲ್ಲಿ ಸ್ವಂತ ವಾರ್ಷಿಕ ಸಂಚಿಕೆಯೂ ಹೊರಟಿತು. 2018ರಲ್ಲಿ ಅದು ‘ಫೆಮಿನಿಸ್ಟ್ ಜರ್ಮನ್ ಸ್ಟಡೀಸ್’ ಎಂಬ ಹೆಸರನ್ನು ತಳೆಯಿತು.

ಪರಸ್ಥಳದಲ್ಲಿ ಸಂಘ ಕಟ್ಟಿ, ರಾತ್ರಿಶಾಲೆ ತೆರೆದು, ಹೋಟೆಲಿನ ಹುಡುಗರನ್ನು ಓದಿಸಿದ ಮುಂಬಯಿ ಕನ್ನಡಿಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.