ನೊಂದವರಿಗೆ ಹಣ ಇದೆ, ಜೊತೆಗೆ ಹೋಗುವವರು ಯಾರು?

2024ರ ಜನವರಿ 8ರಂದು ಹಾನಗಲ್ ಹತ್ತಿರದ ಲಾಡ್ಜ್ ಒಂದಕ್ಕೆ ಯುವಕರ ಗುಂಪು ನುಗ್ಗಿತು. ಬೇರೆ ಬೇರೆ ಧರ್ಮದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿದ್ದಾರೆ ಎಂಬುದು ಅವರಿಗೆ ಸಿಕ್ಕ ಕಾರಣ. ಇಬ್ಬರನ್ನೂ ಹೊಡೆದರು, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದರು. ಮೊದಲಿಗೆ ದಾಖಲಾದದ್ದು ಹಲ್ಲೆಯ ಪ್ರಕರಣ ಮಾತ್ರ. ಕೆಲವು ದಿನಗಳಲ್ಲೇ ಆ ಹೆಣ್ಣು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು. ತನ್ನನ್ನು ಅಲ್ಲಿಂದ ಎತ್ತಿಕೊಂಡು ಹೋಗಿ ಸಾಮೂಹಿಕ ಅತ್ಯಾಚಾರ ಮಾಡಿದರು ಎಂದಳು. ಆಮೇಲಷ್ಟೇ ಪ್ರಕರಣಕ್ಕೆ ಅತ್ಯಾಚಾರದ ಕಲಂ ಸೇರಿತು. 2025ರ ಮೇ ತಿಂಗಳಲ್ಲಿ ಜಾಮೀನಿನ ಮೇಲೆ ಹೊರಬಂದ ಆರೋಪಿಗಳು ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ಮಾಡಿಕೊಂಡರು. ಅದರ ಮೇಲೂ ಪೊಲೀಸರು ಪ್ರಕರಣ ದಾಖಲಿಸಿದರು.

ಸವಣೂರಿಗೆ ಹಾನಗಲ್ ದೂರದ ಊರಲ್ಲ, ಒಂದೇ ಜಿಲ್ಲೆ. ನೊಂದವಳೂ ನಮ್ಮ ಸಮುದಾಯದ ಹೆಣ್ಣು, ಆರೋಪ ಹೊತ್ತವರೂ ನಮ್ಮವರೇ. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ. ಆದರೆ ಒಂದು ಮಾತು ನಾವು ಕೇಳಿಕೊಳ್ಳಲೇಬೇಕು. ಜೈಲಿನಿಂದ ಬಂದವರ ಜೊತೆ ಅಷ್ಟು ಗಾಡಿಗಳು ಹೊರಟವು. ಒಬ್ಬ ನೊಂದ ಹೆಣ್ಣು ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಬೇಕಾದಾಗ ನಮ್ಮ ಮೊಹಲ್ಲಾದಿಂದ ಎಷ್ಟು ಜನ ಜೊತೆಗೆ ಹೊರಡುತ್ತೇವೆ?

ಅಪರಾಧಕ್ಕೆ ತುತ್ತಾದವರಿಗೆ ಸರ್ಕಾರ ಹಣ ಕೊಡುತ್ತದೆ ಎಂಬುದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಇದು ಮಂತ್ರಿಗಳು ಮನಸ್ಸು ಮಾಡಿ ಕೊಡುವ ಹಣ ಅಲ್ಲ, ಕಾನೂನಿನಲ್ಲೇ ಬರೆದಿಟ್ಟಿರುವ ಹಣ. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಎಂಬ ಕಲಂ ಸೇರಿ 2009ರ ಕೊನೆಯಿಂದ ಜಾರಿಗೆ ಬಂತು. ಅದರ ಪ್ರಕಾರ ನಮ್ಮ ರಾಜ್ಯ 2011ರಲ್ಲಿ ಸಂತ್ರಸ್ತರ ಪರಿಹಾರ ಯೋಜನೆ ಮಾಡಿತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ವಿಷಯ ಕಲಂ 396 ಆಗಿದೆ. ಕೊಲೆಯಾದವರ ಅವಲಂಬಿತರು, ಗಾಯಗೊಂಡವರು, ಗಂಡಸಿರಲಿ ಹೆಂಗಸಿರಲಿ, ಅರ್ಜಿ ಹಾಕಬಹುದು.

ಹೆಣ್ಣುಮಕ್ಕಳಿಗೆ ಬೇರೆಯೇ ಒಂದು ಯೋಜನೆ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾ, ರೂಪಿಸಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. ಅದರ ಪ್ರಕಾರ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಜೀವ ಹೋದರೆ 5ರಿಂದ 10 ಲಕ್ಷ ರೂಪಾಯಿ. ಸಾಮಾನ್ಯವಾಗಿ ಇದರಲ್ಲಿ ಕಾಲು ಭಾಗ ಕೈಗೆ ಬರುತ್ತದೆ, ಉಳಿದದ್ದು ಬ್ಯಾಂಕಿನಲ್ಲಿ ಠೇವಣಿಯಾಗುತ್ತದೆ. ಅರ್ಜಿಗೆ ಮೂರು ವರ್ಷದ ಗಡುವಿದೆ; ತಕ್ಕ ಕಾರಣ ಇದ್ದರೆ ತಡವನ್ನು ಮನ್ನಿಸುತ್ತಾರೆ. ಚಿಕಿತ್ಸೆಗೆ, ಹೊಟ್ಟೆಪಾಡಿಗೆ ಕೂಡಲೇ ಹಣ ಬೇಕಾದರೆ ಮಧ್ಯಂತರ ಪರಿಹಾರ ಕೇಳಬಹುದು. ಅತ್ಯಾಚಾರ, ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿ ಆಸ್ಪತ್ರೆಯಿರಲಿ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು.

ಅರ್ಜಿ ಕೊಡಬೇಕಾದ ಜಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ನಮಗೆ ಅದು ಹಾವೇರಿಯಲ್ಲಿದೆ, ದಕ್ಷಿಣ ಕನ್ನಡದವರಿಗೆ ಮಂಗಳೂರಿನಲ್ಲಿ. ಅರ್ಜಿ ಬಂದ ಮೇಲೆ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು ಅಂತ ಕಾನೂನೇ ಹೇಳುತ್ತದೆ.

ಮಕ್ಕಳನ್ನು ಮದ್ರಸಕ್ಕೆ ಬಿಡಲು ಬರುವ ತಾಯಂದಿರ ಜೊತೆ ಈ ವಿಷಯ ಮಾತಾಡಿದರೆ ಕೆಲವು ಅನುಮಾನಗಳು ಮತ್ತೆ ಮತ್ತೆ ಬರುತ್ತವೆ.

‘ಹಣ ತಗೊಂಡ್ರೆ ಕೇಸ್ ರಾಜಿ ಆದ ಹಾಗಲ್ವಾ ಉಸ್ತಾದ್?’ ಅಲ್ಲ. ಇದು ಆರೋಪಿ ಕೊಡುವ ಹಣವಲ್ಲ, ಸರ್ಕಾರ ಕೊಡುವುದು. ನಮ್ಮವರು ಇದನ್ನು ದಿಯತ್ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬಾರದು. ಕ್ಷಮೆಗೂ ಇದಕ್ಕೂ ಸಂಬಂಧವಿಲ್ಲ, ಪರಿಹಾರ ಪಡೆದರೆ ಕೇಸು ನಿಲ್ಲುವುದೂ ಇಲ್ಲ. ಅತ್ಯಾಚಾರದ ಕೇಸನ್ನು ಜಮಾಅತ್ ಕೂತು ರಾಜಿ ಮಾಡಿಸುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

‘ಯಾರು ಮಾಡಿದ್ರು ಅಂತಾನೇ ಗೊತ್ತಿಲ್ಲ, ಆಗ?’ ಅಪರಾಧಿ ಸಿಗದಿದ್ದರೂ, ವಿಚಾರಣೆ ಶುರುವಾಗದಿದ್ದರೂ ಅರ್ಜಿ ಹಾಕಬಹುದು.

‘ವಕೀಲರಿಗೆ ಎಲ್ಲಿಂದ ಕೊಡೋದು?’ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ.

‘ಹೆಸರು ಊರಿಗೆಲ್ಲ ಗೊತ್ತಾದ್ರೆ?’ ಅತ್ಯಾಚಾರಕ್ಕೆ ತುತ್ತಾದವರ ಗುರುತು ಬಯಲು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ದಾಟಿಸುವ ನಮ್ಮ ಹುಡುಗರಿಗೆ ಇದನ್ನು ಮನೆಯಲ್ಲೇ ಹೇಳಿಕೊಡಬೇಕು.

ಹಾಗಾದರೆ ಕಾನೂನು ಇಷ್ಟು ಇದ್ದೂ ಹಣ ತಲುಪುವುದು ಯಾಕೆ ಕಷ್ಟ? ಎಫ್‌ಐಆರ್ ಪ್ರತಿ, ವೈದ್ಯಕೀಯ ವರದಿ, ಬ್ಯಾಂಕ್ ಖಾತೆ, ಅರ್ಜಿ ನಮೂನೆ ಎಲ್ಲ ಒಟ್ಟು ಮಾಡಬೇಕು. ಬಸ್ಸಿನ ದುಡ್ಡಿಗೂ ಕಷ್ಟಪಡುವ, ಊರವರ ಕಣ್ಣಿಗೆ ಬೀಳಲು ಹೆದರುವ ಹೆಣ್ಣಿಗೆ ಇದು ಒಬ್ಬಳೇ ಹತ್ತುವ ಗುಡ್ಡವಲ್ಲ. ಜೊತೆಗೊಬ್ಬರು ಬೇಕು. ಆ ‘ಜೊತೆಗೊಬ್ಬರು’ ಇರಲಿ ಎಂದೇ ಸರ್ಕಾರ ಸಂಸ್ಥೆಗಳಿಗೆ ಅನುದಾನ ಕೊಡುವುದು.

ಕರ್ನಾಟಕದಲ್ಲಿ 2000-01ರಲ್ಲೇ ಸಾಂತ್ವನ ಯೋಜನೆ ಶುರುವಾಯಿತು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ಕೇಂದ್ರ ನಡೆಸುತ್ತವೆ. ಆಪ್ತಸಮಾಲೋಚಕಿ, ಸಮಾಜ ಕಾರ್ಯಕರ್ತೆಯರು ಅಲ್ಲಿರುತ್ತಾರೆ. ದೆಹಲಿಯ ಘಟನೆಯ ನಂತರ 2013ರಲ್ಲಿ ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಮಾಡಿತು. ಆ ನಿಧಿಯಿಂದ 2015ರಲ್ಲಿ ಸಖಿ ಕೇಂದ್ರಗಳು ಬಂದವು. ವೈದ್ಯಕೀಯ ನೆರವು, ಪೊಲೀಸ್, ವಕೀಲರು, ಐದು ದಿನದವರೆಗೆ ವಸತಿ ಎಲ್ಲ ಒಂದೇ ಸೂರಿನಡಿ ಸಿಗಲಿ ಎಂಬುದು ಉದ್ದೇಶ.

ಎರಡೂ ಬೇಕು. ಆದರೆ 2021ರಲ್ಲಿ, ಸಖಿ ಇರುವ ಕಡೆ ಸಾಂತ್ವನ ಯಾಕೆ ಎಂದು ರಾಜ್ಯದ ಹಲವು ಸಾಂತ್ವನ ಕೇಂದ್ರಗಳನ್ನು ನಿಲ್ಲಿಸುವ ತೀರ್ಮಾನ ಬಂತು. ಮಹಿಳಾ ಸಂಘಟನೆಗಳು ವಿರೋಧಿಸಿದವು. ಕಾಗದದ ಮೇಲೆ ಎರಡೂ ಒಂದೇ ಕೆಲಸದಂತೆ ಕಾಣಬಹುದು. ಆದರೆ ಹತ್ತಾರು ವರ್ಷ ಒಂದೇ ಊರಲ್ಲಿ ಕೂತ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿರುತ್ತದೆ. ಅನುದಾನ ನಿಂತರೆ ಆಕೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ, ಆ ಪರಿಚಯವೂ ಹೋಗುತ್ತದೆ.

ಹಣದ ಮೂಲ ಗಟ್ಟಿ ಇರಬೇಕು ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ಹೇಳಬಹುದು. ಅಮೆರಿಕದಲ್ಲಿ 1984ರ ಕಾನೂನಿನಂತೆ ಫೆಡರಲ್ ಕೋರ್ಟುಗಳಲ್ಲಿ ಅಪರಾಧಿಗಳು ಕಟ್ಟುವ ದಂಡ ಒಂದು ನಿಧಿಗೆ ಹೋಗುತ್ತದೆ. ನೊಂದವರಿಗೆ ನೆರವಾಗುವ ಸಂಸ್ಥೆಗಳಿಗೆ ಅನುದಾನ ಹೋಗುವುದು ಆ ನಿಧಿಯಿಂದಲೇ. ಅಲ್ಲೂ ದಂಡ ಕಡಿಮೆ ಬಂದ ವರ್ಷಗಳಲ್ಲಿ ಸಂಸ್ಥೆಗಳು ಪರದಾಡಿವೆ.

ಕರಾವಳಿಯ ಓದುಗರಿಗೆ 2022ರ ಜುಲೈ ಮರೆತಿರಲಾರದು. ಬೆಳ್ಳಾರೆಯಲ್ಲಿ, ಸುರತ್ಕಲ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮೂವರು ಯುವಕರ ಕೊಲೆಯಾಯಿತು. ಒಂದು ಮನೆಗೆ ಅಂದಿನ ಸರ್ಕಾರ ಕೂಡಲೇ 25 ಲಕ್ಷ ಕೊಟ್ಟಿತು. ಉಳಿದೆರಡು ಮನೆಗಳಿಗೆ ಅಷ್ಟೇ ಹಣ ಸಿಕ್ಕಿದ್ದು ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ. ಮಗನನ್ನು ಕಳಕೊಂಡ ಉಮ್ಮನ ಕಣ್ಣೀರಿಗೂ ಅಮ್ಮನ ಕಣ್ಣೀರಿಗೂ ವ್ಯತ್ಯಾಸ ಇಲ್ಲ. ಪರಿಹಾರ ಮುಖ್ಯಮಂತ್ರಿಯ ಮನಸ್ಸಿನ ಮೇಲೆ ನಿಂತರೆ ಹೀಗೇ ಆಗುವುದು. ಕಾನೂನಿನ ದಾರಿಯಲ್ಲಿ ಸಿಗುವ ಮೊತ್ತ ಕಡಿಮೆ ಇರಬಹುದು, ಆದರೆ ಅಲ್ಲಿ ಯಾರ ಜಾತಿ, ಯಾರ ಪಕ್ಷ ಅಂತ ಕೇಳುವ ಹಾಗಿಲ್ಲ. ಗುಂಪು ಹತ್ಯೆಗಳಿಗೂ ಪರಿಹಾರ ಯೋಜನೆ ಇರಬೇಕು, 30 ದಿನದೊಳಗೆ ಮಧ್ಯಂತರ ನೆರವು ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2018ರ ಜುಲೈನಲ್ಲಿ ಹೇಳಿದೆ.

ನಮ್ಮ ಜಮಾಅತ್‌ಗಳು, ಅಂಜುಮನ್‌ಗಳು ಇದರಲ್ಲಿ ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದ್ದೇನಲ್ಲ. ಕಾನೂನು ಸೇವಾ ಪ್ರಾಧಿಕಾರ ‘ಅರೆ ಕಾನೂನು ಸ್ವಯಂಸೇವಕರು’ ಎಂದು ಸಾಮಾನ್ಯ ಜನರನ್ನೇ ಆರಿಸಿ ತರಬೇತಿ ಕೊಡುತ್ತದೆ, ಗೌರವಧನವೂ ಇದೆ. ಅದಕ್ಕೆ ವಕೀಲಿ ಓದಿರಬೇಕಿಲ್ಲ. ಪ್ರತಿ ಮೊಹಲ್ಲಾದಿಂದ ಪಿಯುಸಿ ಮುಗಿಸಿ ಮನೆಯಲ್ಲಿರುವ ಇಬ್ಬರು ಹೆಣ್ಣುಮಕ್ಕಳು ಅರ್ಜಿ ಹಾಕಲಿ. ನೊಂದ ಹೆಣ್ಣು ಮಸೀದಿ ಕಮಿಟಿಯ ಹತ್ತು ಗಂಡಸರ ಮುಂದೆ ಬಾಯಿ ಬಿಡುವುದಿಲ್ಲ, ಅವರ ಮುಂದೆ ಬಿಡುತ್ತಾಳೆ. ಕಮಿಟಿಯವರು ಮಾಡಬೇಕಾದ್ದು ಗಾಡಿ ವ್ಯವಸ್ಥೆ, ಬಾಯಿಗೆ ಬೀಗ. ಜೊತೆಗೆ ಶಾಸಕರನ್ನು ಕಂಡಾಗ ಸಮುದಾಯ ಭವನಕ್ಕೆ ಅನುದಾನ ಕೇಳುವ ಹಾಗೆಯೇ, ನಮ್ಮ ತಾಲ್ಲೂಕಿನ ಸಾಂತ್ವನ ಕೇಂದ್ರಕ್ಕೆ ಅನುದಾನ ಸರಿಯಾಗಿ ಬರುತ್ತಿದೆಯಾ ಅಂತಲೂ ಕೇಳಲಿ.

ಕೆಲವು ನಂಬರುಗಳನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಬರೆದು ಅಂಟಿಸಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಓದಲು ಬಾರದ ಅಜ್ಜಿಯರಿದ್ದರೆ ಓದಿ ಹೇಳಿ.