ಪೀಣ್ಯದ ನಟ್ಟು, ಬೋಲ್ಟು, 81 ಪದರ

“ತಾತ, ನಮ್ಮೂರು ಯಾವುದು?”

ಅಕ್ಟೋಬರ್ ಕೊನೆಯ ವಾರ ಮೊಮ್ಮಗಳು ಈ ಪ್ರಶ್ನೆ ಹಿಡಿದು ನನ್ನ ಕೋಣೆಗೆ ಬಂದಳು. ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವಕ್ಕೆ ಪಾಟ್‌ಲಕ್ ಪಾರ್ಟಿ. ಒಂದೊಂದು ಮನೆಯಿಂದ ಒಂದೊಂದು ತಿಂಡಿ ತಂದು ಎಲ್ಲರೂ ಹಂಚಿಕೊಂಡು ತಿನ್ನುವುದು. ನಾವು ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿ ಮಾಡುತ್ತಿದ್ದುದೂ ಇದನ್ನೇ. ಈ ಸಲದ ವಿಷಯ ‘ನಮ್ಮೂರ ತಿಂಡಿ’. ಎದುರು ಮನೆಯವರದು ಮದ್ದೂರು ವಡೆ, ಮೇಲಿನವರದು ಬೆಳಗಾವಿ ಕುಂದಾ, ಮತ್ತೊಬ್ಬರದು ಮಂಗಳೂರು ಗೋಳಿಬಜೆ.

“ಕುಣಿಗಲ್ ಹತ್ರ ಕಣೇ ಪುಟ್ಟಿ.”

“ಅದು ನಿಮ್ಮಪ್ಪನ ಊರು. ನೀವು ಎಲ್ಲಿದ್ರಿ?”

ನಾನಿದ್ದದ್ದು ಪೀಣ್ಯದಲ್ಲಿ. 19ನೇ ವಯಸ್ಸಿಗೆ ಲೇತ್ ಮುಂದೆ ನಿಂತವನು 38 ವರ್ಷ ನಿಂತೇ ಇದ್ದೆ. ಕೊನೆಯ 16 ವರ್ಷ ನನ್ನದೇ ಪುಟ್ಟ ಶೆಡ್ಡಿನಲ್ಲಿ. ಶೆಡ್ಡು ಮುಚ್ಚಿ ಲೇತ್ ಮಾರಿದ ಮೇಲೆ ನಾನು ಮನೆಯಲ್ಲಿ ಪೀಣ್ಯದ ಮಾತೇ ಎತ್ತುತ್ತಿರಲಿಲ್ಲ. ಶಾಲೆಯ ‘ನನ್ನ ಕುಟುಂಬ’ ಪ್ರಬಂಧದಲ್ಲಿ ಪುಟ್ಟಿ, ‘ತಾತ ಟಿ.ವಿ. ನೋಡುತ್ತಾರೆ’ ಎಂದು ಬರೆದಿದ್ದಳು. ಸುಳ್ಳೇನೂ ಬರೆದಿರಲಿಲ್ಲ.

“ಸರಿ, ಪೀಣ್ಯದ ತಿಂಡಿ ಏನು?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಪೇಡ ಎಂದರೆ ಧಾರವಾಡ, ಬೆಣ್ಣೆ ದೋಸೆ ಎಂದರೆ ದಾವಣಗೆರೆ. ಪೀಣ್ಯ ಎಂದರೆ? ಆಗ ನನ್ನಾಕೆ ಅಡುಗೆಮನೆಯಿಂದಲೇ ಕೂಗಿದಳು: “ದಿನಾ ಸಂಜೆ ನಾಲ್ಕು ಗಂಟೆಗೆ ಟೀ ಜೊತೆ ಖಾರ ಬನ್ ತಿಂತಿದ್ರಲ್ಲ, ಅದೇನು?”

ಹೌದಲ್ಲ! ಅಯ್ಯಂಗಾರ್ ಬೇಕರಿಯ ಖಾರ ಬನ್. ಮಕ್ಕಳೇ, ಬ್ರೆಡ್ಡು, ಪಫ್ ಎಲ್ಲ ಹೊರಗಿನಿಂದ ಬಂದ ತಿಂಡಿಗಳು. ಬೆಂಗಳೂರಿನ ಬೇಕರಿಯವರು ಅದರಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಸೇರಿಸಿ ನಮ್ಮದಾಗಿಸಿದರು. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯೇ ಅಯ್ಯಂಗಾರ್ ಬೇಕರಿಗಳಲ್ಲಿ ಮೊದಲನೆಯದು ಎಂದು ಹೇಳುತ್ತಾರೆ. ಅವರು ಹೊಸ ತಿಂಡಿ ಹುಟ್ಟಿಸಬಹುದಾದರೆ ನಾವೇಕೆ ಹುಟ್ಟಿಸಬಾರದು? ಖಾರ ಬನ್ನಿನ ಮಸಾಲೆ, ಪಫ್ಫಿನ ಹಿಟ್ಟು, ಆಕಾರ ಮಾತ್ರ ನಟ್ಟು!

ಹಿಟ್ಟಿನ ಕೆಲಸ ನನ್ನಾಕೆಯದು. ಮೈದಾಗೆ ಉಪ್ಪು, ತಣ್ಣೀರು ಹಾಕಿ ಕಲಸಿ, ನಡುವೆ ಬೆಣ್ಣೆಯ ಹಲಗೆ ಇಟ್ಟು ಮುಚ್ಚಿ ಲಟ್ಟಿಸಿದಳು. ಮೂರು ಮಡಿಕೆ ಮಡಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮತ್ತೆ ಲಟ್ಟಿಸಿ ಮತ್ತೆ ಮಡಚಿದಳು. ಹೀಗೆ ನಾಲ್ಕು ಸಲ. ಪುಟ್ಟಿ ಎಣಿಸಿದಳು: “3, 9, 27, 81!” 81 ಪದರ ಬೆಣ್ಣೆ. ಓವನ್ನಿನ ಬಿಸಿಗೆ ಹಿಟ್ಟು, ಬೆಣ್ಣೆಗಳಲ್ಲಿರುವ ನೀರು ಆವಿಯಾಗಿ ಪದರಗಳನ್ನು ಮೇಲಕ್ಕೆತ್ತುತ್ತದೆ. ಪಫ್ ಉಬ್ಬುವುದು ಅದರಿಂದಲೇ, ಸೋಡಾ ಬೇಕಿಲ್ಲ.

ಕತ್ತರಿಸುವ ಅಚ್ಚು ನನ್ನ ಪಾಲಿಗೆ ಬಂತು. ಸ್ಟೀಲ್ ಪಟ್ಟಿಯನ್ನು ಆರು ಮೂಲೆಗೆ ಬಗ್ಗಿಸಿದೆ.

“ಆರೇ ಯಾಕೆ ತಾತ?”

ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತು! ಚೌಕದ ನಟ್ಟಾದರೆ ಸ್ಪ್ಯಾನರನ್ನು ಕಾಲು ಸುತ್ತು ತಿರುಗಿಸಿದ ಮೇಲೇ ಮತ್ತೆ ಹಿಡಿತ ಸಿಗುವುದು. ಆರು ಮೂಲೆಯದಾದರೆ 60 ಡಿಗ್ರಿ ಸಾಕು, ಇಕ್ಕಟ್ಟಿನ ಜಾಗದಲ್ಲೂ ಕೆಲಸ ನಡೆಯುತ್ತದೆ. ಮೂಲೆ ಇನ್ನೂ ಹೆಚ್ಚಿಸಿದರೆ ಅವು ಬೇಗ ಸವೆದು ಸ್ಪ್ಯಾನರ್ ಜಾರುತ್ತದೆ. ಅಡುಗೆಮನೆಯಲ್ಲಿ ಇನ್ನೊಂದು ಲಾಭವೂ ಆಯಿತು. ದುಂಡಗೆ ಕತ್ತರಿಸಿದರೆ ನಡುನಡುವೆ ಹಿಟ್ಟು ಉಳಿಯುತ್ತದೆ. ಅದನ್ನು ಮತ್ತೆ ನಾದಿದರೆ ಪದರಗಳೆಲ್ಲ ಹಾಳು. ಆರು ಮೂಲೆಯವು ಜೇನುಗೂಡಿನ ಹಾಗೆ ಒಂದಕ್ಕೊಂದು ಒತ್ತಿ ಕೂರುತ್ತವೆ.

ಮೊದಲ ತಟ್ಟೆ ಮಾತ್ರ ನಗೆಪಾಟಲು. ನಟ್ಟುಗಳು ಒಂದು ಕಡೆ ಎದ್ದು ಇನ್ನೊಂದು ಕಡೆ ಮಲಗಿದ್ದವು. ಬಣ್ಣ ಬರಲೆಂದು ನಾನು ಹಾಲನ್ನು ಬದಿಗಳಿಗೂ ಸವರಿದ್ದೆ, ಪದರಗಳು ಅಂಟಿಕೊಂಡಿದ್ದವು. “ಅಚ್ಚೂ ಮೊಂಡು. ಕತ್ತರಿಸ್ತಿಲ್ಲ, ಒತ್ತುತ್ತಿದೆ,” ಎಂದಳು ನನ್ನಾಕೆ. ಮೊಂಡು ಟೂಲ್ ಹಿಡಿದ ಹುಡುಗರನ್ನು ಎಷ್ಟು ಬೈದಿದ್ದೆನೋ! ಅರ ಹುಡುಕಿ ಅಂಚು ಮಸೆದೆ.

ಬೋಲ್ಟಿನದು ಇನ್ನೊಂದು ಗೋಳು. ಖಾರ ಬಿಸ್ಕತ್ತಿನ ಹಿಟ್ಟಿನಲ್ಲಿ ಕಡ್ಡಿ ಹೊಸೆದು, ಮೇಲೆ ದಾರದಿಂದ ಮರೆ ಒತ್ತಿದ್ದೆವು. ನಟ್ಟಿನ ತೂತು 20 ಮಿಲಿಮೀಟರ್, ಬೋಲ್ಟು 18. ಬೆಂದ ಮೇಲೆ ತೂತು ಕುಗ್ಗಿತು, ಬೋಲ್ಟು ದಪ್ಪವಾಯಿತು, ಒಳಗೆ ಹೋಗಲೇ ಇಲ್ಲ. ಅಟ್ಟದ ಪೆಟ್ಟಿಗೆಯಿಂದ ನನ್ನ ವರ್ನಿಯರ್ ಕ್ಯಾಲಿಪರ್ ಇಳಿಸಿದೆ. ಶೆಡ್ಡಿನಿಂದ ತಂದ ಸಾಮಾನಿನಲ್ಲಿ ಮಾರದೆ ಉಳಿಸಿಕೊಂಡಿದ್ದು ಅದೊಂದೇ. ಅದನ್ನು ಓದುವುದನ್ನು ಪುಟ್ಟಿ ಹತ್ತೇ ನಿಮಿಷದಲ್ಲಿ ಕಲಿತಳು. ತೂತು 26, ಬೋಲ್ಟು 14 ಎಂದು ಅವಳೇ ಲೆಕ್ಕ ಕೊಟ್ಟಳು. ತೂತಿನಿಂದ ಬಂದ ಚೂರುಗಳನ್ನೂ ಬೇಯಿಸಿ ‘ಬೇರಿಂಗ್’ ಎಂದು ಹೆಸರಿಟ್ಟಳು. (ಓವನ್ನಿಗೆ ಇಡುವ, ತೆಗೆಯುವ ಕೆಲಸ ದೊಡ್ಡವರದೇ, ನೆನಪಿರಲಿ.)

ನವೆಂಬರ್ 1ರ ಸಂಜೆ 36 ನಟ್ಟು ಮೇಜಿನ ಮೇಲಿದ್ದವು. ಬೋಲ್ಟು ಸರಿಯಾಗಿ ಕೂತದ್ದು 29ರಲ್ಲಿ. ನನ್ನ ಶೆಡ್ಡಿನಲ್ಲಿ ಇಷ್ಟು ರಿಜೆಕ್ಷನ್ ಆಗಿದ್ದರೆ ಆರ್ಡರೇ ಹೋಗುತ್ತಿತ್ತು. ಪುಟ್ಟಿಯ ಫಲಕದಲ್ಲಿ ದಪ್ಪ ಅಕ್ಷರ: ‘ನಮ್ಮೂರು ಪೀಣ್ಯ. ತಯಾರಕರು: ಅಜ್ಜಿ, ತಾತ, ನಾನು.’

ಲಿಫ್ಟ್ ರಿಪೇರಿಗೆ ಬಂದಿದ್ದ ಹುಡುಗನೊಬ್ಬ ದೂರದಲ್ಲೇ ನಿಂತು ನೋಡುತ್ತಿದ್ದ. ಕರೆದು ತಟ್ಟೆ ಕೊಟ್ಟೆ. ಒಂದು ನಟ್ಟು ಎತ್ತಿ, ಸುತ್ತ ತಿರುಗಿಸಿ, “ಎಷ್ಟು ಎಂಎಂ ಸಾರ್ ಇದು?” ಅಂದ.

ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು: “ಹೊರಗೆ ಅರವತ್ತು. ಒಳಗೆ ಎಷ್ಟು ಅಂತ ನಮ್ಮ ತಾತನ್ನ ಕೇಳಿ, ಲೇತ್ ಕೆಲಸ ಮಾಡಿದೋರು.”

ವರ್ನಿಯರ್ ಈಗ ಅಡುಗೆಮನೆಯ ಡ್ರಾಯರಿನಲ್ಲಿದೆ. ಸ್ವಲ್ಪ ಬೆಣ್ಣೆಯ ವಾಸನೆ ಬರುತ್ತದೆ.